ಎಡಗಡೆಯ ಬ್ರೇಕು

ಉಂಡ ಮನೆಯ ಮಾತನ್ನು ಹೊರಗೆ ಆಡುವುದು ನನ್ನಂಥ ವಸ್ತುವಿಗೆ ತಕ್ಕದ್ದಲ್ಲ. ಅದಕ್ಕೇ ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ಹೇಳುವುದರಲ್ಲಿ ಹೆಚ್ಚುಕಡಿಮೆ ಆದೀತೆಂಬ ಅಂಜಿಕೆಯೂ ಇದೆ. ನನ್ನ ವಿದ್ಯೆ ಸಂಜೆಯ ಪಾಠದಲ್ಲಿ ಕಲಿತದ್ದು, ಅದೂ ಬಾಗಿಲಲ್ಲಿ ನಿಂತು ಕೇಳಿದ್ದು. ಆದರೂ ಆ ಇಬ್ಬರ ಕಾಲುಗಳ ವಿಷಯ ನನ್ನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇಲ್ಲವಾದ್ದರಿಂದ ಧೈರ್ಯ ಮಾಡುತ್ತಿದ್ದೇನೆ.

ನಾನು ಒಂದು ಕಾರು. ಬಿಳಿ ಬಣ್ಣದ, ಸಣ್ಣ ಗಾತ್ರದ ಕಾರು. ದೂರದ ಒಂದು ಕಾರ್ಖಾನೆಯಲ್ಲಿ ನನ್ನಂಥವೇ ಸಾಲುಸಾಲಾಗಿ ಹುಟ್ಟುತ್ತಿದ್ದವು. ಹಿಂದಿನದಕ್ಕೂ ಮುಂದಿನದಕ್ಕೂ ನನಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನಾನು ನಾನಾದದ್ದು ಗದಗಿನಲ್ಲಿ, ರಾಜೇಸಾಬರ ಗ್ಯಾರೇಜಿನಲ್ಲಿ. ಅವರು ನನ್ನ ಎಡಗಡೆಯ ಸೀಟಿನ ಮುಂದೆ ನೆಲಕ್ಕೆ ತೂತು ಕೊರೆದು, ಇನ್ನೊಂದು ಜೋಡಿ ಪೆಡಲ್ ಕೂಡಿಸಿದರು. ಒಂದು ಕ್ಲಚ್, ಒಂದು ಬ್ರೇಕ್. ಬಲಗಡೆಯ ಪೆಡಲ್‌ಗಳಿಗೂ ಇವಕ್ಕೂ ನಡುವೆ ಒಂದು ಕಬ್ಬಿಣದ ಸರಳು. ಎಡಗಡೆಯವರು ಬ್ರೇಕ್ ಒತ್ತಿದರೆ ಬಲಗಡೆಯದೂ ತಾನಾಗಿಯೇ ಕೆಳಗಿಳಿಯುತ್ತಿತ್ತು. ಆಮೇಲೆ ನನ್ನ ನೆತ್ತಿಯ ಮೇಲೆ ಹಳದಿ ಬೋರ್ಡು ಬಂತು. ನಾನು ಡ್ರೈವಿಂಗ್ ಸ್ಕೂಲಿನ ಕಾರಾದೆ.

ಸ್ಕೂಲು ದಾಕ್ಷಾಯಣಿ ಹೊಂಬಳ ಮೇಡಂ ಅವರದು. ಗಂಡ ಶುರುಮಾಡಿದ್ದನ್ನು, ಅವರು ತೀರಿಕೊಂಡ ಮೇಲೆ ಮೇಡಂ ಮುಂದುವರಿಸಿದರು. ಹೆಂಗಸು ಡ್ರೈವಿಂಗ್ ಕಲಿಸುತ್ತಾಳೆಂದು ಊರು ಮೊದಲು ನಕ್ಕಿತಂತೆ. ಆಮೇಲೆ ಅದೇ ಊರು ತನ್ನ ಹೆಂಡತಿ, ಸೊಸೆಯರನ್ನು ನಾಚುತ್ತಾ ತಂದು ಅವರ ಮುಂದೆ ನಿಲ್ಲಿಸಿತು. ಸಂಜೆ ಶೆಡ್ಡಿನ ಗೋಡೆಗೆ ಕರಿಹಲಗೆ ಒರಗಿಸಿ ರಸ್ತೆಯ ಚಿಹ್ನೆಗಳ ಪಾಠ ನಡೆಯುತ್ತಿತ್ತು. ನಾನು ಅರ್ಧ ಒಳಗೆ, ಅರ್ಧ ಹೊರಗೆ ನಿಂತು ಕೇಳುತ್ತಿದ್ದೆ.

ಮೇಡಂಗೆ ಒಂದು ರೂಢಿಯಿತ್ತು. ಕಲಿಯುವವರು ಗಾಬರಿಯಾಗಿ ಬ್ರೇಕ್ ಮರೆತಾಗ ಅವರು ಎಡಗಡೆಯಿಂದ ಮೆಲ್ಲಗೆ ಒತ್ತಿಬಿಡುತ್ತಿದ್ದರು. ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಕಣ್ಣು ರಸ್ತೆಯಿಂದ ಕದಲುತ್ತಿರಲಿಲ್ಲ. ಗಾಡಿ ನಿಂತ ಮೇಲೆ "ಚಲೋ ನಿಲ್ಲಿಸಿದಿ" ಅನ್ನುತ್ತಿದ್ದರು. ಸ್ಟೇರಿಂಗ್ ಹಿಡಿದವಳು ತಾನೇ ನಿಲ್ಲಿಸಿದೆನೆಂದು ನಂಬಿ ಉಸಿರು ಬಿಡುತ್ತಿದ್ದಳು. ಓಣಿಯ ಮಂದಿಯೆದುರು ಹೆಣ್ಣುಮಗಳಿಗೆ ಅಪಮಾನ ಆಗಬಾರದು, ಧೈರ್ಯ ಇದ್ದರೆ ಕಾಲು ತಾನೇ ಕಲಿಯುತ್ತದೆ ಎಂಬುದು ಅವರ ನಂಬಿಕೆ. ಆಗ ಕಾಲೇಜು ಓದುತ್ತಿದ್ದ ಅವರ ಮಗಳು ಕಸ್ತೂರಿಯೂ ಹೀಗೆಯೇ ಕಲಿತಳು. ಬಿಡುವಿನಲ್ಲಿ ತಾಯಿಯ ಬದಲು ಎಡಗಡೆ ಕೂತು ಕಲಿಸಿದ್ದೂ ಉಂಟು. ತಾಯಿಯ ಕಾಲಿನ ಮೆತ್ತಗಿನ ಒತ್ತು ಮಗಳಿಗೂ ಬಂದಿತ್ತು.

ವರ್ಷಗಳು ಹೋದವು. ಕಸ್ತೂರಿ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು, ಅಲ್ಲಿ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದಳು. ಊರಿನಲ್ಲಿ ಎಸಿ ಕಾರಿನಲ್ಲಿ ಕಲಿಸುವ ಹೊಸ ಸ್ಕೂಲುಗಳು ಬಂದವು. ಮೇಡಂಗೆ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಒಂದು ದಿನ ಹಳದಿ ಬೋರ್ಡು ಇಳಿಯಿತು. ರಾಜೇಸಾಬರು ಎಡಗಡೆಯ ಪೆಡಲ್‌ಗಳನ್ನೂ ತೆಗೆಯಲೇ ಎಂದು ಕೇಳಿದರು. ಇರಲಿ ಬಿಡು, ಅವು ಏನು ಅನ್ನ ಕೇಳುತ್ತವೆಯೇ ಎಂದರು ಮೇಡಂ.

ಅಲ್ಲಿಂದ ನನ್ನ ಬದುಕು ಭಾನುವಾರದ ಬದುಕಾಯಿತು. ಶನಿವಾರ ಸಂಜೆಯ ರೈಲಿಗೆ ಕಸ್ತೂರಿ ಬರುತ್ತಿದ್ದಳು. ಭಾನುವಾರ ಬೆಳಿಗ್ಗೆ ಮೇಡಂ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬಂದು ಬಲಗಡೆ ಕೂರುತ್ತಿದ್ದರು. ಮಗಳು ಎಡಗಡೆ. ಒಮ್ಮೆ ಲಕ್ಕುಂಡಿಯ ಗುಡಿಗಳು, ಒಮ್ಮೆ ಬಿಂಕದಕಟ್ಟಿಯ ಮೃಗಾಲಯ, ಒಮ್ಮೆ ದಂಬಳದ ಕೆರೆ. ಮನೆಯೊಳಗೆ ಮೇಡಂ ಗೋಡೆ ಹಿಡಿದು ನಡೆಯುವ ಮುದುಕಿ. ನನ್ನೊಳಗೆ ಕೂತೊಡನೆ ಬೆನ್ನು ನೆಟ್ಟಗಾಗುತ್ತಿತ್ತು. ಸಿಗ್ನಲ್ಲಿನಲ್ಲಿ ಯಾರಾದರೂ ಹಾರ್ನ್ ಹೊಡೆದರೆ, ಇವನಿಗೆ ಲೈಸೆನ್ಸ್ ಕೊಟ್ಟವನನ್ನು ಮೊದಲು ಹಿಡಿದು ತರಬೇಕು ಅನ್ನುತ್ತಿದ್ದರು. ಮಗಳು ನಗುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು.

ಮೊದಲು ಗೊತ್ತಾದದ್ದು ನನಗೆ. ಒಂದು ಮಳೆಗಾಲದಲ್ಲಿ ಮೇಡಂ ಅವರ ಬಲಗಾಲು ನನ್ನ ಪೆಡಲ್‌ಗಳನ್ನು ಹುಡುಕಲು ಶುರುಮಾಡಿತು. ಎಷ್ಟೋ ವರ್ಷ ಕತ್ತಲಲ್ಲೂ ತಪ್ಪದ ಕಾಲು ಅದು. ಈಗ ಬ್ರೇಕಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ಅಥವಾ ಅರ್ಧ ಬ್ರೇಕಿನ ಮೇಲೆ, ಅರ್ಧ ಎಕ್ಸಲೇಟರಿನ ಮೇಲೆ ಇಳಿಯುತ್ತಿತ್ತು. ಸಕ್ಕರೆ ಪಾದದ ಸ್ಪರ್ಶವನ್ನು ತಿಂದುಹಾಕಿತ್ತು. ಒಮ್ಮೆ ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ತಿಳಿಯಲಿಲ್ಲ, ಬರಿಗಾಲಿನಲ್ಲೇ ಮನೆಯವರೆಗೆ ಓಡಿಸಿದರು. ಇಳಿಯುವಾಗ ನೋಡಿಕೊಂಡು, ಮಗಳಿಗೆ ಕಾಣದ ಹಾಗೆ ಚಪ್ಪಲಿಯನ್ನು ಕಾಲಿನಿಂದ ಎಳೆದುಕೊಂಡರು.

ಕಸ್ತೂರಿಗೆ ಗೊತ್ತಾದದ್ದು ಮುಳಗುಂದ ನಾಕಾದಲ್ಲಿ. ಮುಂದೆ ಒಂದು ಟಂಟಂ ಆಟೋ ಗಕ್ಕನೆ ನಿಂತಿತು. ಮೇಡಂ ನಿಲ್ಲಿಸಲಿಲ್ಲ. ನಾನು ಇನ್ನೇನು ಗುದ್ದಬೇಕು ಅನ್ನುವಾಗ ಎಡಗಡೆಯ ಪೆಡಲ್ ಇಳಿಯಿತು. ಮೆಲ್ಲಗೆ, ಸದ್ದಿಲ್ಲದೆ, ಸ್ಕೂಲಿನ ರೂಢಿಯಂತೆ. ನಾನು ನಿಂತೆ. ಕಸ್ತೂರಿಯ ಮುಖ ಬಿಳಿಚಿಕೊಂಡಿತ್ತು. ಮೇಡಂ ಮಾತ್ರ ಹೇಳುತ್ತಿದ್ದ ಕತೆಯನ್ನು ನಿಲ್ಲಿಸಲೇ ಇಲ್ಲ.

ಆ ವಾರ ಡಾಕ್ಟರ ಹತ್ತಿರ ಹೋದಾಗ, ಇನ್ನು ಗಾಡಿ ಓಡಿಸದಿದ್ದರೆ ಒಳ್ಳೆಯದೆಂದು ಅವರು ಹೇಳಿದರಂತೆ. ಮನೆಗೆ ಬಂದ ಮೇಡಂ ಊಟ ಮಾಡಲಿಲ್ಲ. ಶೆಡ್ಡಿಗೆ ಬಂದು ನನ್ನೊಳಗೆ ಕೂತು, ಎಂಜಿನ್ ಹಚ್ಚದೆ, ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡಿದ್ದರು. ಕರೆಯಲು ಬಂದ ಕಸ್ತೂರಿ ಬಾಗಿಲಲ್ಲೇ ನಿಂತಳು.

"ಇದನ್ನ ಬಿಟ್ಟರ ನಾ ಯಾರು ಹೇಳು?" ಅಂದರು ಮೇಡಂ. "ಮೂಲ್ಯಾಗ ಕುಂತ ಮುದುಕಿ. ಅಷ್ಟ."

ಕಸ್ತೂರಿ ಕೀಲಿ ಕಸಿದುಕೊಳ್ಳಲಿಲ್ಲ. ತಾನಿಲ್ಲದಾಗ ಗಾಡಿ ತೆಗೆಯಬಾರದು ಎಂಬ ಮಾತೊಂದನ್ನು ಮಾತ್ರ ತೆಗೆದುಕೊಂಡಳು. ಮುಂದಿನ ಭಾನುವಾರ ಮತ್ತೆ ಎಡಗಡೆ ಬಂದು ಕೂತಳು. ಆದರೆ ಈಗ ಅವಳ ಬಲಗಾಲು ಪೆಡಲಿನ ಮೇಲೆ ಗಾಳಿಯಲ್ಲಿ ತೇಲುತ್ತಿತ್ತು. ತಾಯಿಯ ಮಾತಿಗೆ ಹೂಂಗುಟ್ಟುವಳು, ಕಿಟಕಿಯಾಚೆ ಕೈ ತೋರಿಸುವಳು, ಕಾಲು ಮಾತ್ರ ಕಾಯುತ್ತಿರುವುದು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಒಂದು ಒತ್ತು, ರಸ್ತೆಯ ಹಂಪಿನ ಹತ್ತಿರ ಒಂದು ಒತ್ತು. ವಾರ ಕಳೆದಂತೆ ಒತ್ತುಗಳು ಹೆಚ್ಚಾದವು. ಮನೆಗೆ ಬಂದು ಇಳಿಯುವಾಗ ಅವಳ ಸೆರಗು ಬೆನ್ನಿಗೆ ಅಂಟಿರುತ್ತಿತ್ತು.

ಇದು ಕರುಣೆ ಎಂದೇ ನಾನೂ ಅಂದುಕೊಂಡಿದ್ದೆ. ಆದರೆ ಅದರ ಫಲ ಬೇರೆಯಾಯಿತು. ಯಾವ ಅಡ್ಡಿಯೂ ಆಗದೆ ಗಾಡಿ ಓಡುತ್ತಿದ್ದುದರಿಂದ ಮೇಡಂ ಅವರ ಧೈರ್ಯ ಬೆಳೆಯಿತು. ಡಾಕ್ಟರಿಗೆ ಏನು ತಿಳಿಯುತ್ತದೆ, ಅವನೇ ಕ್ಲಿನಿಕ್ಕಿನ ಕಟ್ಟೆಗೆ ಕಾರು ಉಜ್ಜಿದವನು ಎಂದು ನಕ್ಕರು. ದೀಪಾವಳಿ ಮುಗಿದ ಮೇಲೆ ಹುಲಕೋಟಿಯ ತಂಗಿಯ ಮನೆಗೆ ಒಬ್ಬಳೇ ಹೋಗಿಬರುತ್ತೇನೆ, ನಿನ್ನನ್ನು ಎಷ್ಟು ಅಂತ ಓಡಾಡಿಸಲಿ ಎಂದರು. ಕಸ್ತೂರಿ ಅದಕ್ಕೂ ನಕ್ಕಳು. ಆ ನಗುವಿನಲ್ಲಿ ಉಸಿರು ಇರಲಿಲ್ಲ. ಎಡಗಡೆಯ ಸೀಟು ಖಾಲಿ ಇಟ್ಟುಕೊಂಡು ಆ ಕಾಲು ನನ್ನನ್ನು ಹೆದ್ದಾರಿಗೆ ಒಯ್ಯುವುದನ್ನು ನೆನೆದು ನನಗೆ ರಾತ್ರಿಯೆಲ್ಲ ಎಣ್ಣೆ ತಣ್ಣಗಾಗುತ್ತಿರಲಿಲ್ಲ.

ಹಬ್ಬಕ್ಕೆ ಮುಂಚಿನ ಒಂದು ಭಾನುವಾರ ಲಕ್ಕುಂಡಿ ರಸ್ತೆಯಲ್ಲಿ ಗಿರ್ಮಿಟ್ ತಿನ್ನಲು ನಿಂತಿದ್ದೆವು. ಶಾಲೆಯ ವ್ಯಾನೊಂದು ಬಂದು ಪಕ್ಕದಲ್ಲಿ ನಿಂತಿತು. ಇಳಿದವಳು ಮಾಲನಬಿ. ಒಂದು ಕಾಲದಲ್ಲಿ ನನ್ನ ಮೇಲೇ ಕಲಿತವಳು, ಈಗ ಸ್ವಂತ ವ್ಯಾನ್ ಇಟ್ಟು ಶಾಲೆಯ ಮಕ್ಕಳನ್ನು ಒಯ್ಯುತ್ತಾಳೆ. ಬಂದವಳೇ ನನ್ನ ಬಾನೆಟ್ಟಿಗೆ ಒಂದು ಏಟು ಕೊಟ್ಟು, "ಇದು ಇನ್ನೂ ಸತ್ತಿಲ್ಲೇನ್ರಿ ಮೇಡಂ?" ಎಂದಳು.

"ನಿನ್ನಂಥಾಕಿ ಕೈಯಾಗ ಉಳದೈತಿ ಅಂದರ ಇನ್ನೇನ ಸಾಯತೈತಿ" ಎಂದರು ಮೇಡಂ.

ಮಾತು ಹಳೆಯ ದಿನಗಳಿಗೆ ಹೋಯಿತು. ಮಾಲನಬಿಗೆ ಬಹಳ ದಿನದಿಂದ ಒಂದು ಕೇಳುವುದಿತ್ತಂತೆ. ಬೆಟಗೇರಿಯಲ್ಲಿ ಹೋರಿ ಅಡ್ಡ ಬಂದ ದಿನ ಬ್ರೇಕ್ ಹಾಕಿದ್ದು ತಾನೋ ಮೇಡಮ್ಮೋ? ಅರ್ಧ ನೀನು, ಅರ್ಧ ನಾನು ಎಂದರು ಮೇಡಂ.

"ಸುಳ್ಳ ಹೇಳಬ್ಯಾಡ್ರಿ. ನಾ ಆವತ್ತ ಮನಿಗೆ ಹೋಗಿ ಎಂಥಾ ಜಂಬಾ ಕೊಚ್ಚಿದೆ ಗೊತ್ತೈತೇನ್ರಿ? ಮುಂದ ಸ್ವಂತ ಗಾಡಿ ತಗೊಂಡ ದಿನಾ ಸೀದಾ ಹೋಗಿ ಡೇರಿ ಗ್ವಾಡಿಗೆ ಗುದ್ದಿದೆ. ಆಗ ತಿಳೀತ ನೋಡ್ರಿ, ಇಷ್ಟ ದಿನಾ ಒತ್ತಿದ್ದು ನನ್ನ ಕಾಲಲ್ಲ ಅಂತ."

ಮೂವರೂ ನಕ್ಕರು. ನಗುತ್ತಲೇ ಮಾಲನಬಿ ಕಸ್ತೂರಿಯ ಕಡೆ ತಿರುಗಿದಳು. "ಈಗ ಆ ಸೀಟಿನಾಗ ನೀವು ಕುಂಡರ್ತೀರೇನ್ರಿ ಅಕ್ಕಾರ?"

ಅವಳು ಸುಮ್ಮನೆ ಕೇಳಿದ ಮಾತು ಅದು. ಕೇಳಿ, ಚಹಾ ಕುಡಿದು, ವ್ಯಾನ್ ಹತ್ತಿ ಹೋದಳು. ಕಸ್ತೂರಿಯ ಕೈಯಲ್ಲಿದ್ದ ಗಿರ್ಮಿಟ್ಟಿನ ಪೊಟ್ಟಣ ಹಾಗೇ ಉಳಿಯಿತು. ಮೇಡಂ ದಾರಿಯ ಕಡೆ ನೋಡುತ್ತಿದ್ದರು. ನಾನು ಅವರ ಮುಖವನ್ನು ಕಂಡಷ್ಟು ನೋಡಿದೆ. ಅದರಲ್ಲಿ ಏನಿತ್ತೆಂದು ಹೇಳುವ ಓದು ನನಗಿಲ್ಲ.

ಮರಳುವಾಗ ಕಸ್ತೂರಿ ತನ್ನ ಎರಡೂ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತಿದ್ದಳು. ಪುಣ್ಯಕ್ಕೆ ದಾರಿ ಖಾಲಿಯಿತ್ತು.

ಆ ವಾರದ ನಡುವೆ ಒಂದು ಮಧ್ಯಾಹ್ನ ರಾಜೇಸಾಬರು ಸ್ಪ್ಯಾನರಿನ ಚೀಲ ಹಿಡಿದು ಶೆಡ್ಡಿಗೆ ಬಂದರು. ಮೇಡಂ ಫೋನ್ ಮಾಡಿ ಕರೆಸಿದ್ದರು. ಎಡಗಡೆಯ ಬಾಗಿಲು ತೆರೆದು, ಊರುಗೋಲಿನಿಂದ ಪೆಡಲ್‌ಗಳನ್ನು ತೋರಿಸಿ, ಇವನ್ನು ತೆಗೆದುಬಿಡು ಎಂದರು. ಇಷ್ಟು ವರ್ಷ ಇದ್ದದ್ದು ಈಗ ಯಾಕೆ ಬೇಡವಾಯಿತೆಂದು ರಾಜೇಸಾಬರು ಕೇಳಿದರು.

"ಇನ್ನ ಯಾರಿಗೆ ಕಲಸೂದೈತಿ?" ಎಂದರು ಮೇಡಂ.

ನಟ್ಟುಗಳು ತುಕ್ಕು ಹಿಡಿದಿದ್ದವು. ಬಿಡಿಸುವಾಗ ನನ್ನ ಮೈಯೆಲ್ಲ ಕಿರುಗುಟ್ಟಿತು. ಸರಳು ಹೊರಬಂತು, ಪೆಡಲ್‌ಗಳು ಹೊರಬಂದವು. ನೆಲದಲ್ಲಿ ತೂತುಗಳು ಉಳಿದವು. ಅವರು ಹೋದ ಮೇಲೆ ಮೇಡಂ ಪೇಟೆಯಿಂದ ತರಿಸಿದ ಹೊಸ ರಬ್ಬರ್ ಮ್ಯಾಟನ್ನು ಆ ಜಾಗದಲ್ಲಿ ಹಾಸಿ, ಕೋಲಿನ ತುದಿಯಿಂದ ಅಂಚು ಸರಿಮಾಡಿದರು. ತೂತಿನಿಂದ ಧೂಳು ಬರಬಾರದೆಂದು ಹಾಸಿದರೋ, ಇನ್ಯಾವುದಕ್ಕೋ.

ಭಾನುವಾರ ಬಂತು. ಕಸ್ತೂರಿ ಲಕ್ಕುಂಡಿಗೇ ಹೋಗೋಣ ಎಂದಳು. ಆ ದಾರಿ ಅಗಲ, ನೇರ. ಮೇಡಂ ಒಪ್ಪಲಿಲ್ಲ. ಮಳೆ ಚೆನ್ನಾಗಿ ಆಗಿ ದಂಬಳದ ಕೆರೆ ತುಂಬಿದೆಯಂತೆ, ಏರಿಯ ಮೇಲೆ ಹೋಗಿ ನೋಡಬೇಕು, ಮುಂದಿನ ವರ್ಷ ತುಂಬುತ್ತದೋ ಇಲ್ಲವೋ ಎಂದರು. ಕಸ್ತೂರಿ ಬುತ್ತಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಹೊಸ ಮ್ಯಾಟ್ ನೋಡಿ, ಬಣ್ಣ ಚೆನ್ನಾಗಿದೆ ಅಂದಳು. ಚೀಲದಾಚೆ, ಡ್ಯಾಶ್‌ಬೋರ್ಡಿನ ಅಡಿಯ ಕತ್ತಲೆಗೆ ಕಾಲು ಚಾಚಿ ನೋಡಲಿಲ್ಲ. ಮಾಲನಬಿಯ ಮಾತಿನ ಮೇಲೆ, ತಾಯಿಯ ಕಣ್ಣೆದುರು ಆ ಕಾಲನ್ನು ಚಾಚುವುದೇ ಅವಳಿಗೆ ಕಷ್ಟವಾಗಿತ್ತು. ಬೇಕಾದಾಗ ಬ್ರೇಕು ಅಲ್ಲಿರುತ್ತದೆಂಬ ನಂಬಿಕೆ ಮಾತ್ರ ಸಾಕಾಗಿತ್ತು.

ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ. ಎಂಜಿನ್ ಹತ್ತದಿದ್ದರೆ ಚೆಂದ ಎಂದು ಹಾರೈಸಿದೆ. ಒಂದೇ ಕೀಲಿಗೆ ಹತ್ತಿತು.

ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ಮೇವಿನ ಚಕ್ಕಡಿ ಎದುರಾಯಿತು. ಕಸ್ತೂರಿ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಮೇಡಂ ತಾವೇ ಬ್ರೇಕ್ ಒತ್ತಿ, ಚಕ್ಕಡಿಗೆ ದಾರಿ ಬಿಟ್ಟು, ಮತ್ತೆ ಗೇರು ಹಾಕಿದರು. ಹಳೆಯ ದಿನಗಳ ಹಾಗೆ, ಒಂದು ಕುಲುಕೂ ಇಲ್ಲದೆ. ಕಸ್ತೂರಿಯ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅವಳು ಸೀಟಿಗೆ ಬೆನ್ನು ಕೊಟ್ಟು ಕೂತಳು.

"ಅವ್ವಾ, ಇವತ್ತ ಭಾಳ ಚಲೋ ಹೊಡ್ಯಾಕತ್ತೀ."

"ದಿನಾ ಹೆಂಗ ಹೊಡೀತಿದ್ದೆ?" ಎಂದರು ಮೇಡಂ.

ಕಸ್ತೂರಿ ಕಿಟಕಿಯ ಕಡೆ ತಿರುಗಿ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿದಳು. ಅವು ಅಂದು ತಿರುಗುತ್ತಿರಲಿಲ್ಲ.

ಏರಿಯ ದಾರಿ ಕಿರಿದು. ಒಂದು ಕಡೆ ಕಲ್ಲುಕಟ್ಟಿದ ಇಳಿಜಾರಿನ ತುದಿಗೆ ತುಂಬಿದ ನೀರು, ಇನ್ನೊಂದು ಕಡೆ ಜಾಲಿ ಬೆಳೆದ ತಗ್ಗು. ಮೇಡಂ ನೀರು ನೋಡುತ್ತಾ ನಿಧಾನವಾಗಿ ಓಡಿಸುತ್ತಿದ್ದರು. ತಾವು ಮದುವೆಯಾಗಿ ಬಂದ ವರ್ಷ ಗಂಡ ಇದೇ ಏರಿಯ ಮೇಲೆ ತಮಗೆ ಗಾಡಿ ಕಲಿಸಿದ್ದನ್ನು ಹೇಳುತ್ತಿದ್ದರು. ಹೆದರಿದರೆ ನೀರಿಗೆ ಬೀಳುತ್ತೀ, ಹೆದರದಿದ್ದರೆ ಆ ಕಡೆಯ ಊರಿಗೆ ಹೋಗುತ್ತೀ ಎಂದಿದ್ದರಂತೆ. ಆಗ ಏರಿಯ ತಿರುವಿನಿಂದ ಕುರಿಯ ಹಿಂಡು ಹತ್ತಿ ಬಂತು. ದಾರಿ ತುಂಬ ಕುರಿ. ಹಿಂದೆ ಕಂಬಳಿ ಹೊದ್ದ ಕುರುಬ, ಕೋಲು ಮೇಲೆತ್ತಿ ನಿಲ್ಲಲು ಸನ್ನೆ ಮಾಡುತ್ತಿದ್ದ.

ಕಸ್ತೂರಿ ಚೀಲವನ್ನು ಒದ್ದು ಕಾಲು ಚಾಚಿ ಒತ್ತಿದಳು. ಅವಳ ಹಿಮ್ಮಡಿ ಮ್ಯಾಟಿಗೆ ಬಡಿಯಿತು. ಮತ್ತೆ ಒತ್ತಿದಳು. ಬರೀ ನೆಲ. ಬಾಗಿ ನೋಡಿದಳು. ಆ ಒಂದು ಗಳಿಗೆಯಲ್ಲಿ ಅವಳಿಂದ ಹೊರಟ ಉಸಿರಿನ ಸದ್ದು ನನ್ನ ಎಂಜಿನ್ನಿಗಿಂತ ದೊಡ್ಡದಾಗಿ ನನಗೆ ಕೇಳಿತು.

"ಅವ್ವಾ, ಬ್ರೇಕ್."

ಮಗಳು ತಾಯಿಗೆ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಒತ್ತೇನಲ್ಲ" ಎಂದರು ಮೇಡಂ.

ಅವರು ಸುಳ್ಳು ಹೇಳಲಿಲ್ಲ. ಒತ್ತಿದ್ದರು. ಬಲವಾಗಿಯೇ ಒತ್ತಿದ್ದರು. ಅವರ ಕಾಲಡಿ ಇದ್ದದ್ದು ಎಕ್ಸಲೇಟರು. ನಾನು ಜಿಗಿದೆ. ಒತ್ತಿದಷ್ಟೂ ಗಾಡಿ ಓಡುವುದನ್ನು ಕಂಡು ಅವರು ಇನ್ನಷ್ಟು ಒತ್ತಿದರು. ಕಸ್ತೂರಿ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದು, ಭುಜದಿಂದ ಸ್ಟೇರಿಂಗನ್ನು ತಗ್ಗಿನ ಕಡೆ ನೂಕಿದಳು. ನಾನು ಅಡ್ಡ ತಿರುಗಿ, ಏರಿಯಿಂದ ಜಾರಿ, ಜಾಲಿಯ ಪೊದೆಯೊಳಗೆ ನುಗ್ಗಿ, ಒಂದು ಬಂಡೆಗೆ ಬಡಿದು ನಿಂತೆ. ನನ್ನ ಮುಂದಿನ ಚಕ್ರದ ಅಚ್ಚು ಆಗಲೇ ಮುರಿಯಿತು.

ಮೇಲೆ ಕುರಿಗಳು ಅರಚುತ್ತಿದ್ದವು. ಒಂದಕ್ಕೂ ತಾಕಿರಲಿಲ್ಲ. ಒಳಗೆ ರೊಟ್ಟಿ, ಚಟ್ನಿಪುಡಿ ಎಲ್ಲ ಚೆಲ್ಲಿ ಹೋಗಿತ್ತು. ಮೇಡಂ ಅವರ ಎಡಗೈ ಮಣಿಕಟ್ಟಿನ ಬಳಿ ಸೊಟ್ಟಗಾಗಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ. ಬಗ್ಗಿ ತಮ್ಮ ಬಲಗಾಲನ್ನು ನೋಡುತ್ತಿದ್ದರು. ಅದು ಇನ್ನೂ ಅಲ್ಲೇ, ಎಕ್ಸಲೇಟರಿನ ಮೇಲೇ ಇತ್ತು. ಬಲಗೈಯಿಂದ ಮೊಣಕಾಲು ಹಿಡಿದು, ಬೇರೆ ಯಾರದೋ ಕಾಲನ್ನು ಎತ್ತಿಡುವ ಹಾಗೆ, ಎತ್ತಿ ಪಕ್ಕಕ್ಕೆ ಇಟ್ಟರು.

"ಯಾವಾಗಿಂದ ಒತ್ತಾಕತ್ತಿದ್ದಿ?" ಎಂದು ಕೇಳಿದರು.

"ಮಳಿಗಾಲದಿಂದ."

"ನನಗ ಒಂದ ಮಾತ ಹೇಳಬೇಕಿತ್ತು."

ಕಸ್ತೂರಿಯ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವಳು ಮ್ಯಾಟಿನ ಅಂಚನ್ನು ಎತ್ತಿ ಆ ತೂತುಗಳನ್ನು ನೋಡಿದಳು. "ನೀನೂ ಹೇಳಬೇಕಿತ್ತಲ್ಲ ಅವ್ವಾ. ಗೊತ್ತಿದ್ದ ತಗಿಸಿದೇನು?"

ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಕುರುಬ ಇಳಿದು ಬಂದು ಬಾಗಿಲು ಕಿತ್ತೆಳೆದ. ಹಿಂದೆಯೇ ಹೊಲದ ಮಂದಿ ಓಡಿಬಂದರು. ಕೈ ಹಿಡಿಯಿರಿ, ನೀರು ತನ್ನಿ, ಮುದುಕಮ್ಮನನ್ನು ಮೊದಲು ಇಳಿಸಿ ಎಂಬ ಗದ್ದಲದಲ್ಲಿ ಅವರನ್ನು ಎತ್ತಿಕೊಂಡು ಏರಿ ಹತ್ತಿದರು. ಏನು ಹೇಳಲಿದ್ದರೋ ಅದು ನನ್ನೊಳಗೆ ಬೀಳಲಿಲ್ಲ.

ಈಗ ನಾನು ಊರ ಹೊರಗಿನ ಗುಜರಿಯಲ್ಲಿದ್ದೇನೆ. ಟೈರು, ಬ್ಯಾಟರಿ ಹೋಗಿವೆ. ಬಲಗಡೆಯ ಬಾಗಿಲು ಇನ್ಯಾವುದೋ ಕಾರಿಗೆ ಹೋಯಿತು. ನನ್ನ ಮೇಲೆ ಇನ್ನೊಂದು ಕಾರು ಕೂತಿದೆ. ಅದರ ಭಾರಕ್ಕೆ ನನ್ನ ಟಾಪು ದಿನಕ್ಕಿಷ್ಟು ತಗ್ಗುತ್ತಿದೆ. ಗ್ಯಾಸ್ ಕಟರಿನ ಸದ್ದು ಹತ್ತಿರ ಬರುತ್ತಿದೆ.

ಕಸ್ತೂರಿ ಒಮ್ಮೆ ಬಂದಿದ್ದಳು. ಕೊಡಬೇಕಾದ ಸಹಿ ಕೊಟ್ಟು, ಹೋಗುವ ಮೊದಲು ನನ್ನ ಬಳಿ ಬಂದು ಎಡಗಡೆಯ ಕಿಟಕಿಯೊಳಗೆ ಬಗ್ಗಿ ನೋಡಿದಳು. ಅಲ್ಲೇ ನಿಂತು ರಾಜೇಸಾಬರಿಗೆ ಫೋನ್ ಮಾಡಿ, ಪೆಡಲ್ ತೆಗೆಸಿದ ದಿನ ಅವ್ವ ಏನಂದಳೆಂದು ಕೇಳಿದಳು. ಆ ಕಡೆಯಿಂದ ಬಂದ ಉತ್ತರ ಚಿಕ್ಕದಿತ್ತು. ಇನ್ನ ಯಾರಿಗೆ ಕಲಸೂದೈತಿ ಎಂದು ಕಸ್ತೂರಿ ಅದನ್ನು ತುಟಿಯಲ್ಲೇ ತಿರುಗಿ ಹೇಳಿಕೊಂಡಳು. ಆಮೇಲೆ ಅವ್ವ ಹೇಗಿದ್ದಾರೆಂದು ಅವರು ಕೇಳಿರಬೇಕು. ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ, ಭಾನುವಾರ ಕರೆದರೂ ಹೊರಗೆ ಬರುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂದಳು.

ನಾನು ಇಲ್ಲಿ ಮಲಗಿ ಅದನ್ನೇ ತಿರುವಿ ನೋಡುತ್ತಿರುತ್ತೇನೆ. ಎಷ್ಟೋ ಜನರ ಕಾಲಡಿಯ ಬ್ರೇಕನ್ನು ಕದ್ದು ಒತ್ತಿದವರಿಗೆ ತಮ್ಮ ಕಾಲಡಿಯದು ಇಳಿದದ್ದು ತಿಳಿಯದೇ ಇದ್ದೀತೆ ಎಂದು ಒಮ್ಮೆ ಅನ್ನಿಸುತ್ತದೆ. ಚಪ್ಪಲಿ ಕಳಚಿದ್ದೇ ತಿಳಿಯದ ಪಾದಕ್ಕೆ ಅದು ಹೇಗೆ ತಿಳಿದೀತು ಎಂದು ಮತ್ತೊಮ್ಮೆ. ಮಗಳನ್ನು ಆ ಕಾವಲಿನಿಂದ ಬಿಡಿಸಲು ತೆಗೆಸಿದರೇ, ತಮ್ಮ ಕಾಲು ಇನ್ನೂ ತಮ್ಮದೆಂದು ನೋಡಿಕೊಳ್ಳಲು ತೆಗೆಸಿದರೇ, ಬೇಡದ ಕಬ್ಬಿಣವೆಂದು ಸುಮ್ಮನೆ ತೆಗೆಸಿದರೇ? ತಿಳಿದೂ ತೆಗೆಸಿದ್ದಾದರೆ, ಅಂದು ಮಗಳನ್ನು ಕೂರಿಸಿಕೊಂಡು ಆ ಏರಿಯ ದಾರಿಯನ್ನೇ ಯಾಕೆ ಹಿಡಿದರು? ನನಗೆ ಗೊತ್ತಿಲ್ಲ. ಕಸ್ತೂರಿಗೂ ಗೊತ್ತಿಲ್ಲ.